ಎರಡು ಕೆ.ಬಿ. ಕಾಣೆ

ಲಿಂಗಸುಗೂರಿನ ಆಡಿಟರು ನನ್ನ ರಿಪೇರಿ ಅಂಗಡಿಗೆ ಬಂದವರೇ ಟೇಬಲ್ಲಿನ ಮೇಲೆ ಒಂದು ಫ್ಲಾಪಿ ಇಟ್ಟು ಹಿಂದಕ್ಕೆ ಸರಿದು ನಿಂತರು. ಸಿಡುಬು ಬಂದವರ ಮನೆಯ ಬಟ್ಟೆಯನ್ನು ನೋಡುವ ಹಾಗೆ ಅದನ್ನು ನೋಡುತ್ತಿದ್ದರು.

"ನಿಮ್ಮ ಮಷಿನ್‌ಗೆ ಹಾಕಬ್ಯಾಡ್ರಿ ಮತ್ತ. ಸಿಂಧನೂರು ಗಿರಣಿ ಸಾವಕಾರ್ರು ಲೆಕ್ಕ ತುಂಬಿ ಕಳಿಸಿದ ಫ್ಲಾಪಿ ಇದು. ಇದನ್ನ ಹಾಕಿದಾಗಿಂದ ನನ್ನ ಕಂಪ್ಯೂಟರ್ ಹುಚ್ಚು ಹಿಡದಂಗ ಮಾಡಾಕತ್ತೈತಿ. ಒಮ್ಮೆ ಚಾಲೂ ಆಗ್ತೈತಿ, ಒಮ್ಮೆ ಮಾರಿ ತಿರುವಿ ಕುಂದ್ರತೈತಿ" ಎಂದರು.

ತೊಂಬತ್ತರ ದಶಕದ ನಡುಭಾಗ ಅದು. ನಮ್ಮ ಸೀಮೆಯಲ್ಲಿ ಕಂಪ್ಯೂಟರಿನ ರೋಗ ತಂತಿಯ ಮೇಲೆ ಬರುತ್ತಿರಲಿಲ್ಲ, ಬಸ್ಸಿನಲ್ಲಿ ಬರುತ್ತಿತ್ತು. ಸಿಂಧನೂರಿನವರು ಫ್ಲಾಪಿಯನ್ನು ಲಕೋಟೆಗೆ ಹಾಕಿ ಕಂಡಕ್ಟರನ ಕೈಗೆ ಕೊಟ್ಟರೆ ಅದು ಮಸ್ಕಿ ದಾಟಿ ಲಿಂಗಸುಗೂರಿಗೆ ಇಳಿಯುತ್ತಿತ್ತು. ಅದರ ಜೊತೆ ಇನ್ನೇನು ಇಳಿಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವುದೇ ನನ್ನ ಹೊಟ್ಟೆಪಾಡಾಗಿತ್ತು.

ನನಗೆ ಅನುಮಾನ ಸ್ವಭಾವದಿಂದಲೇ ಬಂದದ್ದು. ಬಂದ ಫ್ಲಾಪಿಯನ್ನೂ ನಂಬುವುದಿಲ್ಲ, ತಂದವರನ್ನೂ ನಂಬುವುದಿಲ್ಲ. ನಾನು ಬೆಳೆದದ್ದು ಹಟ್ಟಿಯಲ್ಲಿ. ಅಪ್ಪ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಕ್ಕಿದ್ದ. ಪಾಳಿ ಮುಗಿಸಿ ಹೊರಬರುವಾಗ ಗೇಟಿನಲ್ಲಿ ಮೈಯೆಲ್ಲ ತಡವಿ ನೋಡಿ ಬಿಡುತ್ತಿದ್ದರು. ನಾನು ಸಣ್ಣವನಿದ್ದಾಗ ಒಮ್ಮೆ, "ನಿನ್ನ ಕಳ್ಳ ಅಂತಾರೇನಪ್ಪ?" ಎಂದು ಕೇಳಿದ್ದೆ. ಅಪ್ಪ ನಕ್ಕು, "ಒಬ್ಬನ್ನ ತಡವಿದ್ರ ಅವ ಕಳ್ಳ. ಎಲ್ಲಾರನೂ ತಡವಿದ್ರ ಅದು ಕೆಲಸ. ದೊಡ್ಡ ಸಾಹೇಬ್ರೂ ಅಲ್ಲೇ ಕೈ ಎತ್ತಿ ನಿಂದ್ರತಾರ" ಎಂದಿದ್ದ. ಮಾತಿನ ಮೊದಲರ್ಧ ನನಗೆ ಆಗಲೇ ತಿಳಿದಿತ್ತು. ಉಳಿದರ್ಧ ತಿಳಿಯಲು ಸಿಂಧನೂರಿನ ಈ ಗಿರಣಿಗೇ ಹೋಗಬೇಕಾಯಿತು.

ನನ್ನ ಹತ್ತಿರ 'ಸಾಫ್ ಫ್ಲಾಪಿ' ಎಂದು ನಾನು ಕರೆಯುವ ಒಂದು ಫ್ಲಾಪಿ ಇತ್ತು. ಅದರ ಮೂಲೆಯ ಕಿಂಡಿಯನ್ನು ತೆರೆದೇ ಇಡುತ್ತಿದ್ದೆ, ಕಿಂಡಿ ತೆರೆದಿದ್ದರೆ ಯಾವ ಮಷಿನ್ನೂ ಅದರ ಮೇಲೆ ಏನನ್ನೂ ಬರೆಯಲಾರದು. ಕಂಪ್ಯೂಟರನ್ನು ಪೂರ್ತಿ ಬಂದ್ ಮಾಡಿ, ಸ್ವಲ್ಪ ಹೊತ್ತು ತಡೆದು, ಈ ಫ್ಲಾಪಿಯಿಂದಲೇ ಚಾಲೂ ಮಾಡಬೇಕು. ಆಮೇಲೆ ವೈರಸ್ ಹುಡುಕುವ ಪ್ರೋಗ್ರಾಮ್ ಓಡಿಸಬೇಕು. ಹುಡುಕುವ ಪ್ರೋಗ್ರಾಮಿಗೆ ಹೊಸ ವೈರಸ್ಸಿನ ಗುರುತು ಇರುವುದಿಲ್ಲ, ಆದ್ದರಿಂದ ಆಗಾಗ ರಾಯಚೂರಿಗೆ ಹೋಗಿ ಹೊಸ ಆವೃತ್ತಿ ತಂದುಕೊಳ್ಳುತ್ತಿದ್ದೆ. ಹಳೇ ಪ್ರೋಗ್ರಾಮ್ ಇಟ್ಟುಕೊಂಡು 'ಎಲ್ಲಾ ಸಾಫ್' ಎಂದು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ.

ಆಡಿಟರ ಫ್ಲಾಪಿಯಲ್ಲಿ ಸಿಕ್ಕದ್ದು ಬೂಟ್ ವೈರಸ್. ಅದು ಫ್ಲಾಪಿಯ ಮೊಟ್ಟಮೊದಲ ಚೂರಿನಲ್ಲಿ ಅಡಗಿರುತ್ತದೆ. ಅಂಥ ಫ್ಲಾಪಿ ಒಳಗಿರುವಾಗ ಯಾರಾದರೂ ಕಂಪ್ಯೂಟರ್ ಚಾಲೂ ಮಾಡಿದರೆ ಹಾರ್ಡ್‌ಡಿಸ್ಕಿಗೆ ಹತ್ತಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ ಮಷಿನ್ನಿಗೆ ಹಾಕಿದ ಪ್ರತಿ ಫ್ಲಾಪಿಗೂ ಹತ್ತುತ್ತದೆ. ಅದು ಕೂತಿರುವ ಗುರುತು ಒಂದೇ. ಆರುನೂರಾ ನಲವತ್ತು ಕೆ.ಬಿ. ಮೆಮರಿ ತೋರಿಸಬೇಕಾದ ಮಷಿನ್ನು ಆರುನೂರಾ ಮೂವತ್ತೆಂಟು ತೋರಿಸುತ್ತದೆ. ಎರಡು ಕೆ.ಬಿ.ಯ ಮೇಲೆ ಕಳ್ಳ ಕೂತಿರುತ್ತಾನೆ.

ಆಡಿಟರ ಮಷಿನ್ ಸರಿಮಾಡಿ ಕೊಟ್ಟು ಮರುದಿನ ಸಿಂಧನೂರಿನ ಬಸ್ ಹತ್ತಿದೆ.

ಗಿರಣಿ ಊರ ಹೊರಗಿತ್ತು. ಅಂಗಳದ ತುಂಬ ಕಾಲುವೆ ಕೆಳಗಿನ ಹಳ್ಳಿಗಳ ಭತ್ತದ ಟ್ರ್ಯಾಕ್ಟರುಗಳು. ಹೊಟ್ಟಿನ ದೂಳು ಒಳಗೆ ಬರದಂತೆ ಗಾಜು ಹಾಕಿದ ಕೋಣೆಯಲ್ಲಿ ಕಂಪ್ಯೂಟರ್ ಇತ್ತು. ಅದರ ಮುಂದೆ ಕೂರುತ್ತಿದ್ದವಳು ಸಾಲಗುಂದದ ಹುಡುಗಿ. ಕುರಿ ಕಾಯುವವರ ಮನೆಯ ಮಗಳು, ಮಸ್ಕಿಯ ಅಕ್ಕನ ಮನೆಯಲ್ಲಿದ್ದು ಅಲ್ಲಿನ ಪ್ರೆಸ್ಸೊಂದರಲ್ಲಿ ಟೈಪಿಂಗ್ ಕಲಿತು ಬಂದಿದ್ದಳು. ಯಾವ ಊರಿನ ಯಾರ ಭತ್ತ, ಎಷ್ಟು ಚೀಲ, ಎಷ್ಟು ಹಸಿ, ಎಲ್ಲವನ್ನೂ ಆಕೆ ತುಂಬುತ್ತಿದ್ದಳು. ರೈತರು ಆಕೆಯನ್ನು 'ಕಂಪ್ಯೂಟರ್ ಅವ್ವ' ಎಂದು ಕರೆಯುತ್ತಿದ್ದರು, ಗೇಲಿಯೂ ಇತ್ತು, ಮರ್ಯಾದೆಯೂ ಇತ್ತು.

ಮೆಮರಿ ನೋಡಿದೆ. ಎರಡು ಕೆ.ಬಿ. ಕಾಣೆ.

"ಗಿರಣಿಯೊಳಗಿರೋ ಫ್ಲಾಪಿ ಎಲ್ಲಾ ತರ್ರಿ. ಒಂದೂ ಬಿಡಬ್ಯಾಡ್ರಿ" ಎಂದೆ. ಡಬ್ಬಿಯಲ್ಲಿದ್ದವು, ಟೆಲಿಫೋನ್ ಡೈರಿಯ ಕೆಳಗಿದ್ದವು, ಚಹಾದ ಲೋಟಕ್ಕೆ ಮುಚ್ಚಳವಾಗಿದ್ದ ಒಂದು, ಎಲ್ಲ ಬಂದವು. ವೈರಸ್ ಅಳಿಸಿ ಒಂದೊಂದನ್ನೇ ತೊಳೆದೆ, ಹಾರ್ಡ್‌ಡಿಸ್ಕನ್ನೂ ತೊಳೆದೆ. ಆಮೇಲೆ ಸಾಹುಕಾರರು, ಅವರ ದಿವಾನಜಿ, ಆಪರೇಟರ್ ಹುಡುಗಿ ಮೂವರನ್ನೂ ನಿಲ್ಲಿಸಿಕೊಂಡು, "ಚಾಲೂ ಮಾಡುವಾಗ ಯಾರಾದ್ರೂ ಫ್ಲಾಪಿ ಹಾಕಿರ್ತೀರೇನು?" ಎಂದು ಕೇಳಿದೆ.

"ಇಲ್ರೀ" ಎಂದಳು ಹುಡುಗಿ.

"ನನಗ ಅದರ ಸುದ್ದಿನ ಮಾಲೂಮಿಲ್ಲ" ಎಂದರು ದಿವಾನಜಿ. ಅವರು ಸಾಹುಕಾರರ ತಂದೆಯ ಕಾಲದಿಂದ ಕೀರ್ದಿ ಬರೆದವರು, ಕಂಪ್ಯೂಟರನ್ನು ಸವತಿಯನ್ನು ನೋಡುವ ಹಾಗೆ ನೋಡುತ್ತಿದ್ದರು.

"ನಾ ಫ್ಲಾಪಿ ಮುಟ್ಟೂದ ಇಲ್ಲ" ಎಂದರು ಸಾಹುಕಾರರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಸುಳ್ಳಾಡುವ ಮನುಷ್ಯನಲ್ಲ ಎಂದು ಊರೇ ಹೇಳುತ್ತಿತ್ತು. ಊರು ಹೇಳಿದ್ದನ್ನೂ ನಾನು ನಂಬುವುದಿಲ್ಲ, ಆದರೆ ಕಣ್ಣು ತಪ್ಪಿಸದೆ ಹೇಳಿದರು.

ವಾರ ಕಳೆಯುವುದರೊಳಗೆ ಆಡಿಟರು ಮತ್ತೆ ನನ್ನ ಅಂಗಡಿಗೆ ಬಂದರು, ಕೈಯಲ್ಲಿ ಮತ್ತೊಂದು ಫ್ಲಾಪಿ. ಗಿರಣಿಯಿಂದಲೇ ಬಂದದ್ದು. ಹುಡುಕಿಸಿದೆ, ಅದೇ ವೈರಸ್. ಈ ಸಲ ಅವರು ದೂರ ನಿಲ್ಲಲಿಲ್ಲ, ನನ್ನ ಮುಖದ ಹತ್ತಿರವೇ ಬಂದು, "ತೊಳದೀನಿ ಅಂದ್ರಲ್ರೀ?" ಎಂದರು.

ಮತ್ತೆ ಸಿಂಧನೂರಿಗೆ ಹೊರಟೆ. ದಾರಿಯಲ್ಲಿ ಮಸ್ಕಿಯಲ್ಲಿ ಇಳಿದು, ಹುಡುಗಿ ಟೈಪಿಂಗ್ ಕಲಿತಿದ್ದ ಪ್ರೆಸ್ಸಿಗೆ ಹೋದೆ. ಲಗ್ನಪತ್ರಿಕೆಯ ಅಕ್ಷರ ಜೋಡಿಸುತ್ತಿದ್ದ ಮಾಲೀಕ ಅಡ್ಡಿ ಮಾಡಲಿಲ್ಲ. ಅವನ ಮಷಿನ್ನನ್ನು ನನ್ನ ಸಾಫ್ ಫ್ಲಾಪಿಯಿಂದ ಚಾಲೂ ಮಾಡಿ ಹುಡುಕಿಸಿದೆ. ಅದೇ ವೈರಸ್, ಅದೇ ಗುರುತು. ನಿಜ ಹೇಳಬೇಕೆಂದರೆ ಆಗ ನನಗೆ ಖುಷಿಯೇ ಆಯಿತು. ಕಳ್ಳನ ಮನೆ ಸಿಕ್ಕಿತು ಎನ್ನುವ ಖುಷಿ.

"ಗಿರಣಿ ಹುಡುಗಿ ಇಲ್ಲಿಗೆ ಬರ್ತಾಳೇನು?" ಎಂದು ಕೇಳಿದೆ.

"ಐತವಾರ ಅಕ್ಕನ ಮನಿಗೆ ಬಂದ್ರ ಒಂದೀಟು ಹಣಿಕಿ ಹಾಕಿ ಹೋಗ್ತಾಳ್ರಿ. ಯಾಕ್ರೀ?"

ಯಾಕೆಂದು ನಾನು ಹೇಳಲಿಲ್ಲ. ಪ್ರೆಸ್ಸಿನ ಮಷಿನ್ ತೊಳೆದು, ಸಿಂಧನೂರಿಗೆ ಹೋಗಿ ಸಾಹುಕಾರರಿಗೆ ವರದಿ ಒಪ್ಪಿಸಿದೆ. ಎರಡೂ ಕಡೆ ಒಂದೇ ವೈರಸ್ ಇದೆ, ಹುಡುಗಿ ಎರಡೂ ಕಡೆ ಓಡಾಡುತ್ತಾಳೆ ಎಂದಷ್ಟೇ ಹೇಳಿದೆ. ಉಳಿದದ್ದನ್ನು ದಿವಾನಜಿ ಜೋಡಿಸಿದರು.

"ನನಗ ಮೊದಲ ಶಕ್ ಇತ್ರಿ ಸಾವಕಾರ್ರೇ. ಆಟದ ಫ್ಲಾಪಿ ತರ್ತಾಳ. ಇಲ್ಲಾ ನಮ್ಮ ಗಿರಾಕಿಗಳ ಹೆಸರು ಬ್ಯಾರೆ ಗಿರಣಿಗೆ ದಾಟಸಾಕತ್ಯಾಳ."

ಸಾಹುಕಾರರು ಹುಡುಗಿಯನ್ನು ಕರೆದರು. ದಿವಾನಜಿ ಆಕೆಯ ಚೀಲವನ್ನು ತೆಗೆದುಕೊಂಡು ಮೇಜಿನ ಮೇಲೆ ಬೋರಲು ಸುರಿದರು. ರೊಟ್ಟಿಯ ಗಂಟು, ಪುಂಡಿಪಲ್ಯದ ಡಬ್ಬಿ, ಬಾಚಣಿಗೆ, ಬಸ್ಸಿನ ಪಾಸು. ಫ್ಲಾಪಿ ಇರಲಿಲ್ಲ. ಗಾಜಿನಾಚೆ ಹಮಾಲರು ಚೀಲ ಇಳಿಸಿ ನೋಡುತ್ತ ನಿಂತಿದ್ದರು.

"ಇವತ್ತು ತಂದಿಲ್ಲ ಅಷ್ಟ" ಎಂದರು ದಿವಾನಜಿ.

ಹುಡುಗಿ ಅಳಲಿಲ್ಲ. ಡಬ್ಬಿಯ ಮುಚ್ಚಳ ಬಿಚ್ಚಿಕೊಂಡಿತ್ತು, ಅದನ್ನು ಒತ್ತಿ ಹಾಕಿದಳು. "ನಂದೊಬ್ಬಾಕೀದ ಯಾಕ ನೋಡಿದ್ರಿ?" ಎಂದು ಕೇಳಿದಳು. ತಪಾಸಣೆ ಮುಗಿಯುವವರೆಗೆ ಬರುವುದು ಬೇಡ ಎಂದರು ಸಾಹುಕಾರರು. ಈ ಮಾತು ಆಕೆಗಿಂತ ಮೊದಲೇ ಸಾಲಗುಂದ ಮುಟ್ಟುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಸಿಂಧನೂರಿನ ಯಾವ ಅಂಗಡಿಯವರು ಆಕೆಯನ್ನು ಕಂಪ್ಯೂಟರಿನ ಮುಂದೆ ಕೂರಿಸುತ್ತಾರೆ?

ನಾನು ಮಷಿನ್ನನ್ನು ಮತ್ತೆ ತೊಳೆದೆ. ಫ್ಲಾಪಿ ತೂರಿಸುವ ಬಾಯಿಗೆ ಒಂದು ಪ್ಲಾಸ್ಟಿಕ್ ಬೀಗ ಬರುತ್ತಿತ್ತು, ಅದನ್ನು ಜಡಿದು ಕೀಲಿಯನ್ನು ಸಾಹುಕಾರರ ಕೈಗೇ ಕೊಟ್ಟೆ. "ನೀವ ತಗೀರಿ, ನೀವ ಹಾಕ್ರಿ. ಬ್ಯಾರೆಯವರಿಗೆ ಕೊಡಬ್ಯಾಡ್ರಿ" ಎಂದೆ. ಅವರು ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡರು.

ಕೆಲವು ದಿನ ಬಿಟ್ಟು, ಯಾರೂ ಕರೆಯದಿದ್ದರೂ ಹೋದೆ. ತೊಳೆದ ಪಾತ್ರೆಯನ್ನು ಮತ್ತೆ ಮೂಸಿ ನೋಡುವ ಚಟ ನನ್ನದು. ಹುಡುಗಿಯ ಕುರ್ಚಿ ಖಾಲಿಯಿತ್ತು. ದಿವಾನಜಿ ತಮ್ಮ ಹಳೇ ಕೀರ್ದಿ ಪುಸ್ತಕ ಬಿಡಿಸಿಕೊಂಡು ಖುಷಿಯಾಗಿದ್ದರು. ಕಂಪ್ಯೂಟರ್ ಚಾಲೂ ಇತ್ತು. ಮೆಮರಿ ನೋಡಿದೆ.

ಆರುನೂರಾ ಮೂವತ್ತೆಂಟು.

ಹುಡುಗಿ ಈ ಕಡೆ ಹೆಜ್ಜೆ ಇಟ್ಟಿಲ್ಲ. ಬಾಯಿಗೆ ಬೀಗವಿದೆ. ಮೊದಲು ಅನುಮಾನ ಬಂದದ್ದು ನನ್ನ ಸಾಫ್ ಫ್ಲಾಪಿಯ ಮೇಲೆ. ಯಾರಿಗೂ ಏನೂ ಹೇಳದೆ ಲಿಂಗಸುಗೂರಿಗೆ ವಾಪಸ್ ಬಂದು ಆಡಿಟರ ಮಷಿನ್ ನೋಡಿದೆ. ಅದನ್ನೂ ಅದೇ ಫ್ಲಾಪಿಯಿಂದಲೇ ತೊಳೆದದ್ದು, ಆದರೆ ಅಲ್ಲಿ ಆರುನೂರಾ ನಲವತ್ತೂ ಇತ್ತು. ಹಾಗಾದರೆ ತಪ್ಪು ನನ್ನ ಫ್ಲಾಪಿಯದಲ್ಲ.

ಇನ್ನು ಉಳಿದವನು ಕೀಲಿ ಇದ್ದವನು.

ಆ ರಾತ್ರಿ ಅನ್ನ ಸೇರಲಿಲ್ಲ. ಸಾಹುಕಾರರು ಬೇಕೆಂದೇ ಮಾಡುತ್ತಿದ್ದಾರೆಯೇ? ಲೆಕ್ಕ ಆಡಿಟರಿಗೆ ಹೋಗದಿರಲಿ ಎಂಬ ಹಂಚಿಕೆಯೇ? ಹುಡುಗಿಯನ್ನು ಕೆಲಸದಿಂದ ಬಿಡಿಸಲು ನೆಪ ಬೇಕಿತ್ತೇ, ಆ ನೆಪವನ್ನು ನನ್ನ ಕೈಯಿಂದಲೇ ಬರೆಸಿಕೊಂಡರೇ? ಯೋಚಿಸಿದಷ್ಟೂ ಎಲ್ಲವೂ ನಿಜ ಅನ್ನಿಸುತ್ತಿತ್ತು. ಆಗ ಅಪ್ಪ ಹೇಳಿದ ಗೇಟು ನೆನಪಾಯಿತು. ನಾನು ಹುಡುಗಿಯನ್ನು ಅನುಮಾನಿಸಿದ್ದೆ, ಪ್ರೆಸ್ಸನ್ನು ಅನುಮಾನಿಸಿದ್ದೆ, ನನ್ನ ಫ್ಲಾಪಿಯನ್ನೂ ಬಿಟ್ಟಿರಲಿಲ್ಲ. ಸಾಹುಕಾರರನ್ನು ಮಾತ್ರ ಒಂದು ಮಾತು ಕೇಳಿ ಬಿಟ್ಟಿದ್ದೆ. ಗೇಟಿನಲ್ಲಿ ದೊಡ್ಡ ಸಾಹೇಬರೂ ಕೈ ಎತ್ತಿ ನಿಲ್ಲಬೇಕು. ಗಿರಣಿಯ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿ ನಿಂತಿರಬೇಕು, ಮಷಿನ್ ಮೊದಲ ಸಲ ಉಸಿರೆಳೆಯುವುದನ್ನು ಕಣ್ಣಾರೆ ನೋಡಬೇಕು ಎಂದು ನಿರ್ಧರಿಸಿದೆ.

ಮರುದಿನ ಸಿಂಧನೂರಿಗೆ ಹೋಗಿ ಲಾಡ್ಜೊಂದರಲ್ಲಿ ಉಳಿದು, ಅದರ ಮಾರನೆಯ ಬೆಳಿಗ್ಗೆ ಗಿರಣಿಗೆ ಹೋದೆ. ವೋಲ್ಟೇಜ್ ನೋಡಬೇಕಿತ್ತು ಎಂದು ಸುಳ್ಳು ಹೇಳಿದೆ. "ಬರ್ರಿ ಬರ್ರಿ, ಚೊಲೊ ಹೊತ್ತಿಗೆ ಬಂದ್ರಿ" ಎಂದರು ಸಾಹುಕಾರರು. ಮುಚ್ಚಿಡುವವನ ಮಾತಿನ ಹಾಗೆ ಕೇಳಿಸಲಿಲ್ಲ. ಅದೂ ನಾಟಕವಿರಬಹುದು ಎಂದುಕೊಂಡೆ.

ಸ್ನಾನ ಮಾಡಿದ ಒದ್ದೆ ತಲೆಯಲ್ಲೇ ಅವರು ಬಾಗಿಲು ತೆಗೆದು ಹೊಸ್ತಿಲಿಗೆ ನೀರು ಹಾಕಿದರು. ಗೋಡೆಯೊಳಗಿನ ಗೂಡಿನಂಥ ಮಾಡದಲ್ಲಿದ್ದ ದೇವರ ಫೋಟೋಕ್ಕೆ ಹೂವೇರಿಸಿ ದೀಪ ಹಚ್ಚಿದರು. ತಕ್ಕಡಿ ಮುಟ್ಟಿ ನಮಸ್ಕರಿಸಿದರು, ತಿಜೋರಿ ಮುಟ್ಟಿ ನಮಸ್ಕರಿಸಿದರು. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಆಮೇಲೆ ಮಾಡದೊಳಗೆ ಕೈ ಹಾಕಿ ಕೆಂಪು ರೇಷ್ಮೆಯ ಒಂದು ಸಣ್ಣ ಗಂಟು ತೆಗೆದರು. ಬಿಚ್ಚಿದರು.

ಒಳಗಿದ್ದದ್ದು ನೀಲಿ ಫ್ಲಾಪಿ. ಅದರ ಮೈಮೇಲೆ ಮೂರು ಬೆರಳಿನ ವಿಭೂತಿ, ಲೋಹದ ಮುಚ್ಚಳದ ಮೇಲೆ ಕುಂಕುಮ.

ಉಡದಾರದ ಕೀಲಿಯಿಂದ ಬೀಗ ತೆಗೆದರು. ಫ್ಲಾಪಿಯನ್ನು ಕಣ್ಣಿಗೊತ್ತಿಕೊಂಡು ಒಳಗೆ ತೂರಿಸಿ ಸ್ವಿಚ್ ಒತ್ತಿದರು. ಡ್ರೈವು ಗರಗರ ಎಂದಿತು. ಈ ಡಿಸ್ಕಿನಿಂದ ಚಾಲೂ ಆಗಲಾರೆ, ಬೇರೆ ಹಾಕಿ ಗುಂಡಿ ಒತ್ತು ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ಸಾಹುಕಾರರು ಅದಕ್ಕೆ ಕೈ ಮುಗಿದು, ಫ್ಲಾಪಿ ತೆಗೆದು, ಬೀಗ ಹಾಕಿ, ಗುಂಡಿ ಒತ್ತಿದರು. ಮಷಿನ್ ಚಾಲೂ ಆಯಿತು. ಫ್ಲಾಪಿಯಿಂದ ಚಾಲೂ ಆಗದಿದ್ದರೂ ಅದರ ಮೊದಲ ಚೂರನ್ನು ಮಷಿನ್ ಓದಿಯಾಗಿತ್ತು, ಎರಡು ಕೆ.ಬಿ.ಯ ಕಳ್ಳ ನನ್ನ ಕಣ್ಣೆದುರೇ ಒಳಗೆ ಹೋಗಿ ಕೂತ.

"ಸಾವಕಾರ್ರೇ, ಅದೇನ್ರೀ?"

"ದೇವ್ರು."

"ಫ್ಲಾಪಿ ಅಲ್ರೇನು ಅದು?"

"ಏ, ಫ್ಲಾಪಿ ಡಬ್ಬ್ಯಾಗ ಇರ್ತಾವಪ್ಪ. ಇದು ಮಾಡದಾಗ ಇರೋದು."

ಅವರು ಒಂದಿಷ್ಟೂ ಸುಳ್ಳು ಹೇಳಿರಲಿಲ್ಲ. ಕಂಪ್ಯೂಟರ್ ಕೂರಿಸಿದ ದಿನ ಮೊದಲ ಕಾಗದದ ಮೇಲೆ ಶಿವಲಿಂಗವೇ ಮೂಡಬೇಕು ಎಂದು ಅವರ ಆಸೆ. ಚಿತ್ರವನ್ನು ಮಸ್ಕಿಯ ಅದೇ ಪ್ರೆಸ್ಸಿನಲ್ಲಿ ಬರೆಸಿ ಈ ಫ್ಲಾಪಿಗೆ ಹಾಕಿಸಿದ್ದರು. ಚಿತ್ರ ಮೂಡಿತು, ಪೂಜೆಯಾಯಿತು, ಅಲ್ಲಿಂದ ಅದು ಫ್ಲಾಪಿಯಾಗಿ ಉಳಿಯಲಿಲ್ಲ. ದಿನಾ ಮೊದಲು ದೇವರು ಒಳಗೆ ಹೋಗಬೇಕು, ಆಮೇಲೆ ಲೆಕ್ಕ. ಹುಡುಗಿ ಸಾಲಗುಂದದ ಬಸ್ಸಿನಿಂದ ಇಳಿಯುವ ಹೊತ್ತಿಗೆ ಮಷಿನ್ ಚಾಲೂ ಇರುತ್ತಿತ್ತು, ಗಂಟು ಮಾಡಕ್ಕೆ ಮರಳಿರುತ್ತಿತ್ತು. ದಿವಾನಜಿ ದಿನಾ ನೋಡುತ್ತಿದ್ದರು, ಅವರಿಗೂ ಅದು ಪೂಜೆ.

"ತಪಾಸ್ ಮಾಡ್ಲೇನ್ರೀ?" ಎಂದು ಕೇಳಿದೆ.

ಸಾಹುಕಾರರು ಒಮ್ಮೆ ಫ್ಲಾಪಿ ನೋಡಿದರು, ಒಮ್ಮೆ ಮಾಡ ನೋಡಿದರು. "ಕೈಕಾಲು ತೊಳಕೊಂಡು ಬರ್ರಿ" ಎಂದರು.

ತೊಳೆದುಕೊಂಡು ಬಂದೆ. ಮಷಿನ್ನನ್ನು ನನ್ನ ಫ್ಲಾಪಿಯಿಂದ ಚಾಲೂ ಮಾಡಿ ದೇವರ ಫ್ಲಾಪಿಯನ್ನು ಹುಡುಕಿಸಿದೆ. ಪರದೆ ಕೆಂಪಾಗಿ ಬೀಪ್ ಬೀಪ್ ಎಂದು ಒದರಿತು. ದಿವಾನಜಿ ಬಾಗಿಲಲ್ಲೇ ನಿಂತುಬಿಟ್ಟರು.

"ಇದನ್ನ ಮಸ್ಕಿ ಪ್ರೆಸ್ಸಿನಿಂದ ತಂದವರು ಯಾರ್ರೀ?" ಎಂದೆ. ಉತ್ತರ ಗೊತ್ತಿತ್ತು, ಆದರೂ ಅವರ ಬಾಯಿಂದಲೇ ಬರಬೇಕಿತ್ತು.

"ನಾನ" ಎಂದರು ಸಾಹುಕಾರರು. "ಉಪವಾಸ ಇದ್ದು ಹೋಗಿ ತಂದೀನಿ." ಕೆಂಪು ರೇಷ್ಮೆಯ ಬಟ್ಟೆಯನ್ನು ಮಡಿಸುತ್ತ, "ಚಿತ್ರ ಅಳಿಸಿ ಹೋಗ್ತೈತೇನು?" ಎಂದು ಕೇಳಿದರು.

ಬೂಟ್ ವೈರಸ್ ಚಿತ್ರವನ್ನು ಮುಟ್ಟಿರಲಿಲ್ಲ. ಮೊದಲ ಚೂರನ್ನು ತೊಳೆದು, ಕಿಂಡಿ ತೆರೆದು, ಚಿತ್ರವನ್ನು ಪ್ರಿಂಟ್ ಮಾಡಿ ತೋರಿಸಿದೆ. ಸೂಜಿಯ ಪ್ರಿಂಟರ್ ಕಿರ್ ಕಿರ್ ಎನ್ನುತ್ತ ಲಿಂಗವನ್ನು ಸಾಲುಸಾಲಾಗಿ ಬರೆಯಿತು. ಸಾಹುಕಾರರು ಅದನ್ನು ನೋಡಲಿಲ್ಲ. ಗಾಜಿನ ಕೋಣೆಯ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದರು.

ಆ ಮಧ್ಯಾಹ್ನ ಹುಡುಗಿಯನ್ನು ಕರೆತರಲು ಜೀಪು ಹೋಗಿ ಖಾಲಿ ಬಂತು. ಸಂಜೆ ಸಾಹುಕಾರರೇ ಸಾಲಗುಂದಕ್ಕೆ ಹೋದರು. ಆಕೆಯ ಮನೆಯ ಅಂಗಳದಲ್ಲಿ, ಓಣಿಯವರ ಎದುರಿಗೆ, ತಪ್ಪು ತಮ್ಮದೆಂದು ಹೇಳಿದರಂತೆ. ಆಕೆ ಬರುತ್ತೇನೆ ಎಂದಳು, ಆದರೆ ಒಂದು ಕರಾರು, ಅದನ್ನು ಗಿರಣಿಯಲ್ಲೇ ಹೇಳುತ್ತೇನೆ ಎಂದಳಂತೆ.

ಮರುದಿನ ನಾನೂ ಇದ್ದೆ. ತಪಾಸಣೆಯನ್ನು ಆಕೆಗೆ ಕಲಿಸಿ, ಒಂದು ಸಾಫ್ ಫ್ಲಾಪಿಯನ್ನು ಆಕೆಯ ಹತ್ತಿರವೇ ಇಡಬೇಕೆಂದು ಸಾಹುಕಾರರು ಹೇಳಿದ್ದರು. ಕಲಿಸಿದೆ. ಬಂದ್ ಮಾಡುವುದು, ತಡೆಯುವುದು, ಕಿಂಡಿ ನೋಡುವುದು, ಮೆಮರಿ ಓದುವುದು. ಒಂದೇ ಸಲಕ್ಕೆ ಹಿಡಿದಳು. ಆಮೇಲೆ ಎದ್ದು ನಿಂತು ತನ್ನ ಚೀಲವನ್ನು ತಾನೇ ಮೇಜಿನ ಮೇಲೆ ಸುರಿದಳು. ಅದೇ ರೊಟ್ಟಿಯ ಗಂಟು, ಅದೇ ಬಾಚಣಿಗೆ.

"ಇದು ನಂದು. ನೋಡ್ರಿ. ಇನ್ನ ದಿನಾ ಎಲ್ಲಾರದೂ ನೋಡೂದು. ಒಬ್ಬರದ ನೋಡಿ ಬಿಡೂದಾದ್ರ ನಾ ಬರೂದಿಲ್ಲ."

ಗಾಜಿನಾಚೆ ಅವತ್ತಿನ ಹಮಾಲರೇ ನಿಂತಿದ್ದರು. ಸಾಹುಕಾರರು ನಿಧಾನವಾಗಿ ಎದ್ದು ಬಂದು, ಅಂಗಿಯ ಜೇಬು ಹೊರಗೆ ಎಳೆದರು. ವಿಭೂತಿಯ ಗಟ್ಟಿ, ಎಲೆಯಡಿಕೆ, ಕನ್ನಡಕ. ಉಡದಾರದ ಕೀಲಿಯನ್ನು ಬಿಚ್ಚಿ ಆಕೆಯ ಮುಂದಿಟ್ಟರು.

"ಮಾಡದಾಗಿಂದು?" ಎಂದರು ಹೆದರುತ್ತಲೇ.

"ದೇವ್ರು ಮಾಡದಾಗ ಇರ್ಲಿ ಸಾವಕಾರ್ರೇ. ಮಷಿನ್ ನಾ ಚಾಲೂ ಮಾಡ್ತೀನಿ. ಚಾಲೂ ಆದಮ್ಯಾಲ ಕೈ ಮುಗೀರಿ."

ದಿವಾನಜಿಯೂ ಗೊಣಗುತ್ತ ಜೇಬು ಬಿಚ್ಚಿದರು. ನನ್ನ ಮನಸ್ಸು ಹಗುರಾಗಿತ್ತು. ಕೆಲಸ ಮುಗಿಯಿತೆಂದು ಬ್ಯಾಗು ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದೆ.

"ಸರ್, ನಿಮ್ಮದು ಉಳಿದೈತ್ರಿ."

"ನಂದಾ? ನಾ ತೊಳಿಯಾಂವ ಅಲ್ಲೇನವ್ವ?"

"ಊರೂರು ಅಡ್ಡಾಡೋ ಫ್ಲಾಪಿ ನಿಮ್ಮೂವ ಅಲ್ಲೇನ್ರೀ?"

ಅದು ನಿಜವಾಗಿತ್ತು. ಮಸ್ಕಿಯ ಪ್ರೆಸ್ಸು, ಆಡಿಟರ ಆಫೀಸು, ಈ ಗಿರಣಿ, ಮೂರೂ ಕಡೆ ಹೋಗಿ ಬಂದವು ನನ್ನ ಫ್ಲಾಪಿಗಳೇ. ಬ್ಯಾಗು ಇಳಿಸಿದೆ. ಆಕೆ ಒಂದೊಂದನ್ನೇ ಹಾಕಿ ಹುಡುಕಿಸತೊಡಗಿದಳು. ಡ್ರೈವಿನ ದೀಪ ಹೊತ್ತಿ ಆರುತ್ತಿತ್ತು. ಆ ಸದ್ದನ್ನು ನಾನು ಎಷ್ಟೋ ಸಲ ಕೇಳಿದ್ದೆ, ಅದು ಯಾವಾಗಲೂ ಬೇರೆಯವರ ಫ್ಲಾಪಿಯ ಸದ್ದಾಗಿತ್ತು. ಹಮಾಲರು ನನ್ನನ್ನೇ ನೋಡುತ್ತಿದ್ದರು. ನನ್ನವು ಶುದ್ಧ ಎಂದು ಗೊತ್ತಿದ್ದರೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಗೇಟಿನಲ್ಲಿ ನಿಂತ ಅಪ್ಪನ ಹಾಗೆ ಮೈಯಿಂದ ಸ್ವಲ್ಪ ದೂರ ಹಿಡಿದು ನಿಂತೆ.

ಕೊನೆಯದು ಮುಗಿಯಿತು. ಆಕೆ ಫ್ಲಾಪಿಗಳನ್ನು ಜೋಡಿಸಿ, ಎರಡೂ ಕೈಯಿಂದ ನನ್ನ ಮುಂದೆ ಹಿಡಿದಳು.

"ಸಾಫ್ ಅದಾವ್ರಿ" ಎಂದಳು. "ಮುಂದಿನ ಸಲ ಬಂದಾಗನೂ ನೋಡ್ತೀನಿ."